ಮಾನ್ವಿಗೆ ಒಯ್ದ ಮುನ್ನುಡಿ

ಮುನ್ನುಡಿ ಬರೆಯುವುದರಲ್ಲಿ ನಾನು ಎತ್ತಿದ ಕೈ. ರಾಯಚೂರಿನಲ್ಲಿ ಯಾರೇ ಮೊದಲ ಕವನ ಸಂಕಲನ ತರಲಿ, ಹಸ್ತಪ್ರತಿ ನನ್ನ ಮನೆಗೆ ಬರುತ್ತಿತ್ತು. ಸಾಧಾರಣ ಕವಿತೆಗಳಾದರೆ ಎರಡೇ ದಿನದಲ್ಲಿ ಹೊಗಳಿ ಕಳಿಸುತ್ತಿದ್ದೆ. ಹೊಗಳಿದರೆ ನನ್ನ ಗಂಟೇನು ಹೋಗುತ್ತಿತ್ತು!

ಮಾನ್ವಿಯ ದರ್ಜಿಯೊಬ್ಬನ ಕವಿತೆಗಳ ನೋಟ್‌ಬುಕ್ಕನ್ನು ಮಾತ್ರ ಮೂರು ವರ್ಷ ಇಟ್ಟುಕೊಂಡೆ.

ದೇವದುರ್ಗದ ಕವಿಗೋಷ್ಠಿಯಲ್ಲಿ ಅವನ ಸರದಿ ಕಡೆಗೆ ಬಂದಿತ್ತು. ಮನೆಯಲ್ಲಿ ದಖ್ಖನಿ ಉರ್ದು ಆಡುವವನು, ಕವಿತೆ ಕನ್ನಡದ್ದು. ಎಲ್ಲರೂ ಊಟಕ್ಕೆ ಎದ್ದಿದ್ದರು, ನಾನೊಬ್ಬ ಕೂತು ಕೇಳಿದೆ. "ಬರಕೋತ ಹೋಗಪ್ಪ. ಪುಸ್ತಕ ಮಾಡೋಣು, ಮುನ್ನುಡಿ ನಂದು" ಎಂದೆ. ಮರುವಾರವೇ ಬಸ್ಸು ಹತ್ತಿ ಬಂದು ನೋಟ್‌ಬುಕ್ ಕೊಟ್ಟ. ಅವನ ಬಳಿ ಬೇರೆ ಪ್ರತಿ ಇರಲಿಲ್ಲ.

ಅದರಲ್ಲೊಂದು ಕವಿತೆ ಶಾಲೆಯ ಲಂಗದ ಬಗ್ಗೆ. ಮಗಳು ಬೆಳೆದಂತೆ ತಾಯಿ ಅಂಚಿನ ಮಡಿಕೆ ಬಿಚ್ಚಿಸುತ್ತಾಳೆ. ಒಳಗಿದ್ದ ಬಟ್ಟೆಗೆ ಮಾತ್ರ ಇನ್ನೂ ಹೊಸ ಬಣ್ಣ. ಅಷ್ಟೇ. ಓದಿ ಹೊಟ್ಟೆ ಉರಿಯಿತು. ನಾಲ್ಕು ಸಂಕಲನ ತಂದ ನನಗೆ ಇಂಥ ಒಂದು ಸಾಲೂ ದಕ್ಕಿರಲಿಲ್ಲ. ಅಂದಿನಿಂದ ನನ್ನ ಬರವಣಿಗೆಯೂ ನಿಂತಿತು. ಪೆನ್ನು ಹಿಡಿದರೆ ಆ ಲಂಗವೇ ಕಣ್ಣಿಗೆ ಕಟ್ಟುತ್ತಿತ್ತು.

ಮೊದಮೊದಲು ಫೋನ್ ಮಾಡುತ್ತಿದ್ದ. "ಬರಿಯಾಕತ್ತೀನಪ್ಪ, ಅವಸರ ಮಾಡಬ್ಯಾಡ" ಎನ್ನುತ್ತಿದ್ದೆ. ಆಮೇಲೆ ಫೋನ್ ಬರುವುದು ನಿಂತಿತು. ಆಗ ನನಗೆ ಹಾಯೆನಿಸಿತ್ತು, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಈ ಬೇಸಿಗೆಯಲ್ಲಿ ಹೇಗೋ ಎರಡು ಪುಟ ಬರೆದು, ಜೇಬಿನಲ್ಲಿಟ್ಟುಕೊಂಡು ಮಾನ್ವಿಗೆ ಹೋದೆ. ಯೂನಿಫಾರ್ಮಿನ ರಾಶಿಯ ನಡುವೆ ಹೊಲಿಯುತ್ತಿದ್ದವನು ಎದ್ದು, "ಬರ್ರಿ ಸರ್, ಕೂಡ್ರಿ" ಎಂದು ಸ್ಟೂಲು ಒರೆಸಿದ. ನೋಟ್‌ಬುಕ್ ಅವನ ಕೈಗಿತ್ತು, "ಹೊಸಾವು ಏನರೆ ಬರದೀಯೇನು?" ಎಂದು ಕೇಳಿದೆ.

"ಇಲ್ರಿ ಸರ್, ಬಿಟ್ಟೀನಿ. ನೀವು ಸುಮ್ಮನಾದ್ರಿ, ಚಲೋ ಇಲ್ಲ ಅಂತ ತಿಳೀತು. ನನಗ ನೋವಾಗಬಾರದು ಅಂತ ಹೇಳಲಿಲ್ಲ ನೀವು. ದೊಡ್ಡ ಮನಸು ನಿಮ್ದು."

ಜೇಬಿಗೆ ಕೈ ಹಾಕಿದೆ. ಚೆನ್ನಾಗಿದ್ದುದಕ್ಕೇ ಬರೆಯಲಾಗಲಿಲ್ಲ ಎನ್ನಬೇಕಿತ್ತು. ಎರಡು ಪುಟವನ್ನು ಅಲ್ಲೇ ಬಿಟ್ಟು ಬರಿಗೈ ಹೊರಗೆ ತೆಗೆದೆ.

ಅಷ್ಟರಲ್ಲಿ ಒಬ್ಬ ತಾಯಿ ಮಗಳನ್ನು ಕರೆತಂದಳು. ಅವನು ಹುಡುಗಿಯ ಲಂಗಕ್ಕೆ ಅಳತೆ ತೆಗೆದು, ಕವಿತೆಗಳ ನೋಟ್‌ಬುಕ್ಕನ್ನೇ ತಿರುವಿ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯತೊಡಗಿದ.

"ಎರಡಿಂಚು ಒಳಗ ಮಡಚಿ ಹೊಲೀರಿ, ಬೆಳಿಯೋ ಹುಡುಗಿ" ಎಂದಳು ತಾಯಿ.

ಅದನ್ನೂ ಬರೆದುಕೊಂಡ. ಮುಖದಲ್ಲಿ ಏನೂ ಇರಲಿಲ್ಲ.