ಐದನೇ ಬೀರುವಿನ ಅಂಕಪಟ್ಟಿ

ನಮ್ಮ ಯಜಮಾನರನ್ನು ವಿಶ್ವವಿದ್ಯಾಲಯದಲ್ಲಿ ಹೆಸರು ಹಿಡಿದು ಕರೆದವರು ಕಡಿಮೆ. ಹುಡುಗರಿಗೆಲ್ಲ ಅವರು ಬೀಗಣ್ಣ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಎರಡನೇ ಮಹಡಿಯ ಮೂಲೆಯ ಕೋಣೆ. ಅದರ ತುಂಬ ಕಬ್ಬಿಣದ ಬೀರುಗಳು. ವಿದ್ಯಾರ್ಥಿಗಳು ಸೇರುವಾಗ ಒಪ್ಪಿಸುವ ಮೂಲ ಅಂಕಪಟ್ಟಿಗಳನ್ನು ಅಲ್ಲಿ ಜೋಪಾನ ಮಾಡುವುದು, ಓದು ಮುಗಿದ ಮೇಲೆ ಹುಡುಕಿ ಕೊಡುವುದು ಅವರ ಕೆಲಸ. ಮೂವತ್ತೊಂದು ವರ್ಷ ಮಾಡಿದರು. ಒಂದು ಕಾಗದವೂ ಕಳೆಯಲಿಲ್ಲ, ಒಂದಕ್ಕೂ ಹುಳ ಹಿಡಿಯಲಿಲ್ಲ. ಶನಿವಾರ ಮಧ್ಯಾಹ್ನ ಪಡಸಾಲೆಯ ಬಿಸಿಲಿಗೆ ಲಕೋಟೆಗಳನ್ನು ಹರಡಿ, ನುಸಿಗುಳಿಗೆ ಹಾಕಿ, ಮತ್ತೆ ಅದೇ ಕ್ರಮದಲ್ಲಿ ಒಳಗಿಡುತ್ತಿದ್ದರು. ಮನೆಗೆ ಬಂದರೂ ಅವರ ಅಂಗಿಗೆ ಆ ಗುಳಿಗೆಯ ವಾಸನೆಯೇ.

ಅವರೂ ಅಲ್ಲೇ ಒಂದು ವರ್ಷ ಓದಿದವರು. ಆಗ ವರ್ಷದ ಶುಲ್ಕ ಒಂದು ಜೊತೆ ಚಪ್ಪಲಿಯ ಬೆಲೆಗಿಂತ ಕಡಿಮೆ, ರಸೀದಿಯಲ್ಲಿ ಮೂರೇ ಸಾಲು. ತಂದೆ ತೀರಿಕೊಂಡು ಓದು ಬಿಡಬೇಕಾಗಿ ಬಂದಾಗ ಅಂದಿನ ಗುಮಾಸ್ತರು ನಿಂತ ಕಾಲಲ್ಲೇ ಕಾಗದ ವಾಪಸು ಕೊಟ್ಟು, "ಅನುಕೂಲ ಆದಾಗ ಬಾರಪ್ಪ, ಸೀಟು ಎಲ್ಲೂ ಓಡಿಹೋಗಲ್ಲ" ಅಂದಿದ್ದರಂತೆ. ಇವರು ತಿರುಗಿ ಹೋದದ್ದು ಓದಲಿಕ್ಕಲ್ಲ, ಅಟೆಂಡರ್ ಕೆಲಸಕ್ಕೆ.

ಸೇರಿದಾಗ ಇದ್ದದ್ದು ಒಂದೇ ಬೀರು, ಅದೂ ಅರ್ಧ ಖಾಲಿ. ಬರಬರುತ್ತ ರಸೀದಿ ಉದ್ದವಾಯಿತು. ಗ್ರಂಥಾಲಯಕ್ಕಿಷ್ಟು, ಆಟಕ್ಕಿಷ್ಟು, ಅಭಿವೃದ್ಧಿಗಿಷ್ಟು, ಏನೂ ಸಾಲದೆ ಹೋದರೆ ‘ಇತರೆ’ಗಿಷ್ಟು. ಆಮೇಲೆ ಪೂರ್ತಿ ಶುಲ್ಕದ ಸೀಟು ಅಂತ ಬಂತು. ಅದೇ ಕೋಣೆ, ಅದೇ ಮೇಷ್ಟ್ರು, ಅದೇ ಬೆಂಚು. ಬೆಂಚಿನ ಈ ತುದಿಯವನಿಗೆ ಒಂದಾದರೆ ಆ ತುದಿಯವನಿಗೆ ಎಂಟರಷ್ಟು. ನಡುವೆ ಓದು ಬಿಟ್ಟವರು ಉಳಿದ ವರ್ಷಗಳ ಶುಲ್ಕವನ್ನೂ ಕಟ್ಟಿ ‘ಬಾಕಿ ಇಲ್ಲ’ ಎಂಬ ಚೀಟಿ ತರಬೇಕು, ತಂದರೆ ಮಾತ್ರ ಅಂಕಪಟ್ಟಿ ವಾಪಸು ಎಂದು ನಿಯಮವಾಯಿತು. ಕಟ್ಟುವ ಶಕ್ತಿ ಇದ್ದವರು ಓದು ಯಾಕೆ ಬಿಡುತ್ತಾರೆ? ಯಾರೂ ಬರಲಿಲ್ಲ. ಬೀರುಗಳು ಏಳಾದವು.

"ನಂದೀಗ ಜೈಲರ್ ಕೆಲಸ ಕಣೆ," ಎನ್ನುತ್ತಿದ್ದರು. "ಕೈದಿಗಳು ಗಲಾಟೆ ಮಾಡಲ್ಲ, ಅದೊಂದೇ ಪುಣ್ಯ."

ಅವರ ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ದರ್ಜಿಯೊಬ್ಬನ ಮಗಳು ಬಂದಳು. ಪೂರ್ತಿ ಶುಲ್ಕದ ಸೀಟಿನಲ್ಲಿ ಒಂದು ವರ್ಷ ಓದಿದ್ದಳು. ಅಪ್ಪನ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿ ಮುಚ್ಚಿದ, ಇವಳ ಓದು ನಿಂತಿತು. ಈಗ ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಹದಿನೈದು ದಿನದೊಳಗೆ ಶಾಲೆಯ ಮೂಲ ಅಂಕಪಟ್ಟಿ ತೋರಿಸಬೇಕು, ಇಲ್ಲದಿದ್ದರೆ ಆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ. ಅಂಕಪಟ್ಟಿ ಐದನೇ ಬೀರುವಿನಲ್ಲಿ. ಕಟ್ಟಬೇಕಾದದ್ದು ಇನ್ನೆರಡು ವರ್ಷದ ಶುಲ್ಕ.

ಇವರು ಸೂಪರಿಂಟೆಂಡೆಂಟರ ಹತ್ತಿರ ಮೂರು ಸಲ ಹೋದರು. "ಒಬ್ಬಳಿಗೆ ಕೊಟ್ರೆ ನಾಳೆ ನೂರು ಜನ ಬಾಗಿಲಲ್ಲಿ ನಿಲ್ತಾರೆ ರೀ ಬೀಗಣ್ಣ," ಎಂದು ಅವರು ಮೂರು ಸಲವೂ ಅಂದರು. ಹುಡುಗಿ ದಿನಾ ಬಂದು ಕೋಣೆಯ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಅಳುವುದಿಲ್ಲ, ಕೇಳುವುದಿಲ್ಲ. ಇವರು ಊಟಕ್ಕೆ ಮನೆಗೆ ಬರುವುದು ದಿನಕ್ಕಿಷ್ಟು ತಡವಾಗತೊಡಗಿತು.

"ಇವತ್ತೂ ಲೇಟಾ? ಏನು, ಆಫೀಸಿಗೇ ತಾಳಿ ಕಟ್ಟಿದೀರಾ?" ಎಂದೆ.

"ಅವಳೆದುರಿಗೆ ಬೀಗ ಹಾಕ್ಕೊಂಡು ಬರೋಕೆ ಮುಖ ಇಲ್ಲ ಕಣೆ. ನಾಳೆ ಒಂದೇ ದಿನ ಉಳಿದಿರೋದು."

"ಬೀಗದ ಕೈ ನಿಮ್ಮ ಸೊಂಟದಲ್ಲೇ ಇದೆಯಲ್ಲ. ಕೊಟ್ಟುಬಿಡಿ ಅತ್ಲಾಗೆ."

ಅವರು ಕೈ ತೊಳೆಯಲು ಎದ್ದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಮರುದಿನ ಕೊಟ್ಟರು. ಸಂಜೆ ಬಂದು ಅಂಗಿ ಬಿಚ್ಚುತ್ತ, "ಕೊಟ್ಟೆ. ರಿಜಿಸ್ಟರಲ್ಲೂ ಬರೆದೆ," ಅಂದರು.

"ಅಯ್ಯೋ, ಬರೆದ್ರಾ? ಕದ್ದು ಕೊಡೋರು ಯಾರಾದ್ರೂ ಬರೀತಾರೇನ್ರೀ!"

"ಬರೀದೆ ಇದ್ರೆ ಲಕೋಟೆ ಎಲ್ಲಿ ಅಂತ ನಾಳೆ ಹುಡುಕ್ತಾರೆ. ಕಳೆದುಹೋಗಿದೆ ಅಂತ ಆಗುತ್ತೆ. ನನ್ನ ಕೋಣೇಲಿ ಕಾಗದ ಕಳೆಯುತ್ತಾ?"

ಅವರ ಲೆಕ್ಕದಲ್ಲಿ ನಿಯಮ ಮುರಿಯುವುದಕ್ಕಿಂತ ಕಾಗದ ಕಳೆಯುವುದು ದೊಡ್ಡ ತಪ್ಪು. ಹುಡುಗಿಯ ಸಹಿ ಹಾಕಿಸಿ, ತಾವೂ ಸಹಿ ಹಾಕಿ, ಬಾಕಿ ಇಲ್ಲದ ಚೀಟಿಯ ಸಂಖ್ಯೆ ಬರೆಯುವ ಜಾಗದಲ್ಲಿ ದುಂಡಾದ ಅಕ್ಷರದಲ್ಲಿ ‘ಚೀಟಿ ಇಲ್ಲ’ ಎಂದು ಬರೆದಿದ್ದರು. ಹಿಂದೆ ಇವರ ರಜೆಯಲ್ಲಿ ಆ ಕೋಣೆ ನೋಡಿಕೊಂಡ ಕೆಲವರು ಕೈಬೆಚ್ಚಗೆ ಮಾಡಿಸಿಕೊಂಡು, ಸುಳ್ಳು ಸಂಖ್ಯೆ ತುಂಬಿ ಕೊಟ್ಟದ್ದುಂಟು. ಜಾಗ ತುಂಬಿದ್ದರಿಂದ ಯಾರೂ ಕೇಳಲಿಲ್ಲ. ನಾಲ್ಕು ತಿಂಗಳ ಮೇಲೆ ತಪಾಸಣೆಗೆ ಬಂದವನ ಬೆರಳು ಜಾರುತ್ತ ಬಂದು ನಿಂತದ್ದು ಇವರ ಸಾಲಿನ ಮೇಲೆ.

ವಿಚಾರಣೆಯ ನೋಟೀಸು ಬಂದ ವಾರ ಸೂಪರಿಂಟೆಂಡೆಂಟರು ಮನೆಗೇ ಬಂದರು. ಕೆಟ್ಟವರಲ್ಲ. ನೀರು ಕುಡಿದು, ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಕಣ್ತಪ್ಪಿನಿಂದ ಆಯ್ತು, ಹುಡುಗಿ ಚೀಟಿ ಇದೆ ಅಂತ ನಂಬಿಸಿದ್ಲು, ಆಮೇಲೆ ಗೊತ್ತಾಯ್ತು ಅಂತ ನಾಲ್ಕು ಸಾಲು ಬರ್ಕೊಡಿ. ಒಂದು ಎಚ್ಚರಿಕೆ ಕೊಟ್ಟು ಮುಗಿಸ್ತೀನಿ. ನಿಮಗಿರೋದು ಇನ್ನೇಳು ತಿಂಗಳು."

"ಅವಳಿಗೆ?"

"ಅವಳ ಆಫೀಸಿಗೆ ನಾವೊಂದು ಕಾಗದ ಹಾಕ್ತೀವಿ. ಮುಂದಿನದು ಅವರಿಗೆ ಬಿಟ್ಟಿದ್ದು."

"ಅಂದ್ರೆ ಅವಳು ಮೋಸಗಾತಿ ಅಂತ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ಬರ್ಕೊಡಿ ಅಂದ್ರೆ," ಎಂದೆ. "ನಿಮಗೇನು ಅವಳು ಹೊಟ್ಟೇಲಿ ಹುಟ್ಟಿದ ಮಗಳಾ?" ಕೊಟ್ಟುಬಿಡಿ ಅಂದ ಬಾಯಿಯೇ ಅದು. ಇವರು ನನ್ನ ಕಡೆ ನೋಡಿದರೇ ಹೊರತು, ಆ ಮಾತನ್ನು ಎತ್ತಿ ಆಡಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ.

ಹಾಳೆ ತೆಗೆದುಕೊಂಡು ಬರೆದರು. ಒಣಗಲೆಂದು ಮೇಜಿನ ಮೇಲೆ ಬಿಟ್ಟದ್ದನ್ನು ನಾನು ಅಕ್ಷರ ಕೂಡಿಸಿಕೊಂಡು ಓದಿದೆ. ‘ಚೀಟಿ ಇಲ್ಲವೆಂದು ಹುಡುಗಿ ಮೊದಲೇ ಹೇಳಿದ್ದಳು. ತಿಳಿದೇ ಕೊಟ್ಟಿದ್ದೇನೆ.’ ಸೂಪರಿಂಟೆಂಡೆಂಟರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳ್ಕೊಂಡ್ರಿ," ಎಂದು ಎದ್ದರು.

ಕೆಲಸದಿಂದ ತೆಗೆದರು. ಪಿಂಚಣಿ ಹೋಯಿತು. ಕೈಗೆ ಬರಬೇಕಿದ್ದ ಇಡುಗಂಟಿನಲ್ಲಿ ಹುಡುಗಿಯ ಎರಡು ವರ್ಷದ ಶುಲ್ಕ ಮುರಿದುಕೊಂಡು ಮಿಕ್ಕದ್ದನ್ನು ಕೊಟ್ಟರು. ಮಿಕ್ಕದ್ದು ಹದಿನಾಲ್ಕು ತಿಂಗಳ ಮನೆ ಬಾಡಿಗೆಗೆ ಸರಿಹೋಯಿತು.

ಆಮೇಲೆ ವಿಶ್ವವಿದ್ಯಾಲಯದ ಗೇಟಿನ ಎದುರಿಗಿನ ಜೆರಾಕ್ಸ್ ಅಂಗಡಿಯಲ್ಲಿ ಹಾಳೆ ಜೋಡಿಸುವ ಕೆಲಸಕ್ಕೆ ನಿಂತರು. ನಿಂತರು ಅಂದರೆ ನಿಂತೇ ಇದ್ದರು, ಅಲ್ಲಿ ಕೂರಲು ಜಾಗವಿರಲಿಲ್ಲ. ಕಾಲು ಊದಿಕೊಂಡವು. ಯಂತ್ರದ ಕರಿಪುಡಿ ಎದೆಗೆ ಇಳಿದು ಕೆಮ್ಮು ಹಿಡಿಯಿತು.

ಒಂದು ಸಂಜೆ ಬಂದವರು ಚಾಪೆಯ ಮೇಲೆ ಕೂತು, "ಇವತ್ತು ಒಂದು ಸುಳ್ಳು ಹೇಳಿದೆ ಕಣೆ," ಅಂದರು. ಆ ಹುಡುಗಿ ಯಾವುದೋ ಕಾಗದ ಪ್ರತಿ ಮಾಡಿಸಲು ಬಂದಿದ್ದಳಂತೆ. ಇವರನ್ನು ನೋಡಿ, "ಮಾಮ! ರಿಟೈರ್ ಆಗಿಬಿಟ್ರಾ?" ಅಂದಳಂತೆ. ಇವರು, "ಹೂಂನಮ್ಮ, ಮನೇಲಿ ಕೂತು ಬೇಜಾರು, ಅದಕ್ಕೇ ಇಲ್ಲಿ ಬರ್ತೀನಿ," ಅಂದರಂತೆ.

"ಇದ್ದದ್ದು ಹೇಳಿದ್ರೆ ಗಂಟೇನು ಹೋಗ್ತಿತ್ತು?"

"ತಿಂಗಳು ತಿಂಗಳು ಸಂಬಳದಲ್ಲಿ ತಂದು ಕೊಡ್ತೀನಿ ಅನ್ನೋಳು. ಮತ್ತೆ ಅವಳು ಆ ಶುಲ್ಕಾನೇ ಕಟ್ಟಿದ ಹಾಗೆ ಆಗಲ್ವಾ?"

ಅದಾಗಿ ಮೂರನೇ ತಿಂಗಳು ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ತೀರಿಕೊಂಡರು.

ಹುಡುಗಿಗೆ ನಾನೂ ಹೇಳಿಲ್ಲ. ಹೇಳಬೇಕೆಂದು ಎರಡು ಸಲ ಅಂಚೆ ಕಚೇರಿಯ ತನಕ ಹೋಗಿದ್ದೇನೆ. ಎರಡನೆಯ ಕಿಟಕಿಯಲ್ಲಿ ಕೂತಿರುತ್ತಾಳೆ, ಚುರುಕಾಗಿ ಕೆಲಸ ಮಾಡುತ್ತಾಳೆ. ಅವಳ ಎದುರಿನ ಸಾಲಿನಲ್ಲಿ ನಿಂತು ಯೋಚಿಸಿದೆ. ಅವರು ಬೇಡವೆಂದದ್ದು ನೆನಪಾಗಿ ಹಿಂದಿರುಗಿದೆ ಎಂದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಅದಲ್ಲ. ಎರಡು ಸಲವೂ ನಾನು ಹೋದದ್ದು ಬಾಡಿಗೆ ಕೊಡುವ ಹಿಂದಿನ ದಿನ. ಬೇರೆ ದಿನ ಅವಳಿಗೆ ಹೇಳಬೇಕೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಅದು ಗೊತ್ತಾದದ್ದರಿಂದ ಸಾಲು ಬಿಟ್ಟು ಬಂದೆ.