ಅವ್ವನ ಪಾದ, ನನ್ನ ಭಕ್ತಿ

ನಾನು ಭಕ್ತ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಎಂಥ ಭಕ್ತ ಎಂದು ಕೇಳಿದರೆ ಮಾತ್ರ ತುಸು ತಡವರಿಸುತ್ತೇನೆ. ಶ್ರಾವಣದಲ್ಲಿ ಪ್ರವಚನಕ್ಕೆ ಹೋಗಿದ್ದೆ. ಹೆತ್ತವರ ಪಾದಕ್ಕೆ ದಿನವೂ ನಮಸ್ಕರಿಸುವವನಿಗೆ ಬೇರೆ ತೀರ್ಥಯಾತ್ರೆ ಬೇಡ ಎಂದರು ಸ್ವಾಮಿಗಳು. ನನಗೆ ಬಹಳ ಹಿಡಿಸಿತು. ರಜೆ ಕೇಳಬೇಕಿಲ್ಲ, ರೈಲಿನ ಟಿಕೆಟ್ಟಿಗೆ ಒದ್ದಾಡಬೇಕಿಲ್ಲ.

ಅವ್ವ ಕಲಬುರಗಿಯಿಂದ ಬಂದು ಕಗ್ಗದಾಸಪುರದ ನಮ್ಮ ಬಾಡಿಗೆ ಮನೆಯಲ್ಲೇ ಇದ್ದಳು. ಮರುದಿನವೇ ಶುರುವಾಯಿತು. ಹೆಗಲಿಗೆ ಬ್ಯಾಗು ಏರಿಸಿ, ಮೆಟ್ರೊ ಹಿಡಿಯಲು ಬೈಯಪ್ಪನಹಳ್ಳಿಗೆ ಓಡುವ ಮುನ್ನ ಒಂದು ನಮಸ್ಕಾರ. ಇದಕ್ಕೂ ಶಾಸ್ತ್ರವಿದೆ: ಕೈಗಳನ್ನು ಅಡ್ಡಹಾಕಿ, ಬಲಗೈ ಬಲಪಾದಕ್ಕೆ, ಎಡಗೈ ಎಡಪಾದಕ್ಕೆ ತಾಗಿಸಬೇಕು. ಚಾಚೂ ತಪ್ಪದೆ ಮಾಡುತ್ತಿದ್ದೆ, ಕಣ್ಣು ಮುಚ್ಚಿಕೊಂಡು.

ಈ ನಡುವೆ ಅವ್ವ ಬೀದಿ ಕೊನೆಯ ಹನುಮಪ್ಪನ ಗುಡಿಗೆ ಹೋಗುವುದನ್ನು ಬಿಟ್ಟಳು. ಗುಡಿಕಟ್ಟೆಯ ಗೆಳತಿಯರನ್ನೂ ಬಿಟ್ಟಳು. ಒಂದು ಸಂಜೆ, "ನನ್ನ ಊರಿಗಿ ಕಳಿಸಿಬಿಡಪಾ" ಅಂದಳು. ಅವಳಿಲ್ಲದ ಮನೆಯನ್ನು ನೆನೆಯುವುದೂ ನನ್ನಿಂದಾಗಲಿಲ್ಲ. ಬೆಂಗಳೂರನ್ನು ಬೈದೆ, ಹೆಂಡತಿಯನ್ನು ಅನುಮಾನಿಸಿದೆ, ಕೊನೆಗೆ ನನ್ನ ಭಕ್ತಿಯೇ ಸಾಲದೆಂದು ತೀರ್ಮಾನಿಸಿ ಮರುದಿನ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಯವ್ವಾ, ಸತ್ತೆ!"

ಆಶೀರ್ವಾದದ ಬದಲು ಬಂದ ಈ ಚೀರಾಟಕ್ಕೆ ಕಣ್ಣು ತೆರೆದೆ.

"ದಿನಾ ಕಾಲು ಮುಟ್ತಿ, ಒಂದಿನಾರ ನೋಡಿಯೇನು? ಉಗುರು ಬೆಳದು ಬೆರಳಾಗ ಚುಚ್ಚಲಾಕತ್ತಾವ. ಚಪ್ಪಲ್ ಹಾಕ್ಕೊಳ್ಳಾಕ ಬರವಲ್ದು. ನನಗ ಬಗ್ಗಾಕ ಆಗಂಗಿಲ್ಲ" ಎಂದಳು ಅವ್ವ.

"ಮೊದಲೇ ಯಾಕ ಹೇಳಲಿಲ್ಲವ್ವಾ?"

"ಕೈ ಮುಗಿಯಾಂವಗ ಉಗುರು ತಗಿ ಅಂತ ಹ್ಯಾಂಗ ಹೇಳಲಿ?"

ಆಗಲೇ ತೆಗೆಯೋಣವೆಂದರೆ ಅಂದು ಮಂಗಳವಾರ. ಅವ್ವ ಸುತರಾಂ ಒಪ್ಪಲಿಲ್ಲ. ಬುಧವಾರ ನಾನು ಬರುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಶುಕ್ರವಾರ ಕೂಡದು, ಶನಿವಾರ ಬೇಡವೇ ಬೇಡ. ಉಗುರಿಗೂ ಮುಹೂರ್ತ ನೋಡಿ ಗುರುವಾರ ರಜೆ ಹಾಕಿದೆ. ಹೊಸ್ತಿಲಾಚೆ ಪೇಪರು ಹಾಸಿ, ಬಿಸಿನೀರಲ್ಲಿ ಅವಳ ಕಾಲು ನೆನೆಸಿ, ನೇಲ್ ಕಟರ್ ಹಿಡಿದು ಕೂತೆ. ಅವ್ವನಿಗೆ ಕಚಗುಳಿ! ಕಾಲು ಎಳೆದುಕೊಂಡು, ನನ್ನ ತಲೆಗೂದಲು ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಮಹಡಿಯಿಂದ ಓನರ್ ಆಂಟಿ ಇಣುಕಿ, "ಏನ್ ಸಾರ್, ಪಾದಪೂಜೆ ನಡೀತಿದ್ಯಾ?" ಎಂದರು. ಹೌದೆಂದೆ. ನನಗೆ ಹೇಳತೀರದ ಖುಷಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ನಮಸ್ಕಾರಕ್ಕೆ ಹೋದರೆ ಮಂಚ ಖಾಲಿ. ಬಾಗಿಲಲ್ಲಿ ಚಪ್ಪಲಿಯೂ ಇಲ್ಲ. ಗುಡಿಕಟ್ಟೆಯ ಮೇಲೆ ಅವ್ವ ಗೆಳತಿಯರ ನಡುವೆ ಕೂತು, ಸೀರೆ ತುಸು ಎತ್ತಿ, "ನನ್ನ ಮಗ ತಗದಾನ ನೋಡ್ರಿ" ಎಂದು ಬೆರಳುಗಳನ್ನು ತೋರಿಸುತ್ತಿದ್ದಳು. ನಾನು ಹತ್ತಿರ ಹೋಗಿ ಕೈ ಅಡ್ಡಹಾಕಿ ಬಗ್ಗುವಷ್ಟರಲ್ಲಿ, "ಮೆಟ್ರೊ ತಪ್ಪತದ, ನಡಿ ನಡಿ!" ಎಂದು ಗದರಿದಳು. ಅದನ್ನೇ ಆಶೀರ್ವಾದವೆಂದುಕೊಂಡು ಓಡಿದೆ.