ಅಕ್ಕನ ಪ್ರಷ್ಯನ್ ದಂಡು

ಮೂಡುಬಿದಿರೆಯಲ್ಲಿ ಹಲ್ಲಿನ ಡಾಕ್ಟರಾಗಿರುವ ನನ್ನ ಭಾವನಿಗೆ, ಅಕ್ಕನ ಗಂಡನಿಗೆ, ಒಂದು ಹುಚ್ಚು. ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕರನ್ನು ಎಲ್ಲಿಂದಲೋ ತರಿಸಿ, ಹಲ್ಲು ನೋಡುವ ಭೂತಗನ್ನಡಿಯನ್ನೇ ಹಾಕಿಕೊಂಡು, ಕೋಟಿನ ಗುಂಡಿ ಸಹಿತ ಬಣ್ಣ ಬಳಿಯುವುದು. ವರ್ಷಕ್ಕೊಮ್ಮೆ, ದೊಡ್ಡ ರಜೆಯ ಒಂದು ಭಾನುವಾರ, ಊಟದ ಮೇಜಿನ ಮೇಲೆ ಪ್ಲೈವುಡ್ ಹಾಸಿ ವಾಟರ್‌ಲೂ ಯುದ್ಧವನ್ನು ಮತ್ತೆ ಹೂಡುವುದು. ಗುಡ್ಡ ಥರ್ಮಾಕೋಲಿನದು, ಬೇಲಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನದು, ರಸ್ತೆ ಸ್ಯಾಂಡ್‌ಪೇಪರಿನದು. ನಾನು ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಮಾಡುವವಳು, ಹಾಗಾಗಿ ಈ ಆಟಕ್ಕೆ ನಾನು ಬೇಕೇ ಬೇಕು. ಭಾವನಿಗೆ ಕೋಟಿನ ಬಣ್ಣಗಳೆಲ್ಲ ಗೊತ್ತಿತ್ತು, ಯುದ್ಧ ಯಾಕೆ ಆಯಿತೆಂದು ಗೊತ್ತಿರಲಿಲ್ಲ.

ಯಾರು ಯಾವ ಕಡೆ ಎನ್ನುವುದು ಅಮ್ಮನ ಮಾತಿನ ಮೇಲೆ ತೀರ್ಮಾನವಾಗಿತ್ತು. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಿನಲ್ಲಿ, ಗುಳಿಗಳಿಗೆ ಕಾಯಿ ಹಾಕಿ ಆಡುವ ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸುತ್ತಿದ್ದರು. ಯಾರು ಬೇಕಾದರೂ ಆಡಬಹುದು, ಅಕ್ಕ ತಂಗಿ ಮಾತ್ರ ಎದುರುಬದುರು ಕೂರಬಾರದು. ಕೂತರೆ ಒಬ್ಬಳಿಗೆ ಇನ್ನೊಬ್ಬಳು ಇಲ್ಲದ ಹಾಗೆ ಆಗುತ್ತದೆ ಎಂದು ಅಮ್ಮ ಮಣೆಯನ್ನೇ ಕಸಿದುಕೊಳ್ಳುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೂ ನಾವು ಅದನ್ನು ಮೀರಲಿಲ್ಲ. ಭಾವ ಫ್ರೆಂಚರ ಚಕ್ರವರ್ತಿ. ನಾನು ಗುಡ್ಡದ ಮೇಲೆ ಇಂಗ್ಲಿಷರ ಸಾಲು ಹಿಡಿದು ನಿಲ್ಲುವವಳು. ಅಕ್ಕ ನನ್ನ ಸಹಾಯಕ್ಕೆ ಸಾಯಂಕಾಲ ಬಂದು ಸೇರುವ ಪ್ರಷ್ಯನ್ ದಂಡಿನ ಒಡತಿ.

ನಿಯಮದ ಪುಸ್ತಕದ ಪ್ರಕಾರ ಪ್ರಷ್ಯನ್ನರು ಬರುವುದು ದಾಳದ ಮೇಲೆ. ಆಟದ ಒಂದು ಸರದಿ ಎಂದರೆ ಯುದ್ಧದ ಅರ್ಧ ಗಂಟೆ. ನಾಲ್ಕು ಗಂಟೆಯ ಸರದಿಯಿಂದ ದಾಳ ಹಾಕಬೇಕು, ಹೇಳಿದ ಸಂಖ್ಯೆ ಬಿದ್ದರೆ ಬಂದರು, ಇಲ್ಲದಿದ್ದರೆ ಇಲ್ಲ. ಮೊದಲ ವರ್ಷವೇ ಅಕ್ಕ ದಾಳವನ್ನು ಬದಿಗೆ ಸರಿಸಿದಳು.

“ನನ್ನ ತಂಗಿಯ ಸಹಾಯಕ್ಕೆ ಹೋಗ್ಲಿಕ್ಕೆ ನಾನು ದಾಳ ಹಾಕ್ಬೇಕಾ? ನಾಲ್ಕು ಗಂಟೆಗೆ ಬರ್ತೇನೆ, ಅಷ್ಟೇ.”

ಭಾವ ಗೊಣಗಿದ. ಅದೇ ನಮ್ಮ ಮನೆಯ ನಿಯಮವಾಯಿತು. ಆರು ವರ್ಷ ನಾನು ಆ ಗುಡ್ಡದ ಮೇಲೆ ಒಂದಿಷ್ಟೂ ಹೆದರದೆ ನಿಂತಿದ್ದೆ.

ಏಳನೆಯ ವರ್ಷ ನನ್ನ ಗಂಡ ನನ್ನ ಮೇಲೆ ಕೈ ಮಾಡಿದ. ಮೊದಲ ಸಲವೇನಲ್ಲ, ಆದರೆ ಆ ಸಲ ತೋಳು ಬಾತು ಕಪ್ಪಾಗಿತ್ತು. ಅಕ್ಕ ಅದನ್ನು ಕಣ್ಣಾರೆ ಕಂಡಿದ್ದಳು, ತಾನೇ ಎಣ್ಣೆ ಹಚ್ಚಿದ್ದಳು. ನಾನು ಮನೆ ಬಿಟ್ಟೆ. ಗಂಡನ ಸೋದರಮಾವ ಮಾಣಿ ಎಂಬ ಊರಿನಲ್ಲಿರುವ ತಮ್ಮ ಮನೆಗೆ ಪಂಚಾತಿಕೆಗೆ ಕರೆದರು. ಗಂಡ ಹೊಡೆದೇ ಇಲ್ಲ ಎನ್ನುತ್ತಿದ್ದ. ಕಂಡದ್ದನ್ನು ಕಂಡೆ ಎಂದು ಹೇಳುವ ಒಬ್ಬರು ನನಗೆ ಬೇಕಿತ್ತು.

“ಬರ್ತೇನೆ, ನೀನು ಹೆದರ್ಬೇಡ,” ಎಂದಿದ್ದಳು ಅಕ್ಕ.

ಜಗಲಿಯಲ್ಲಿ ಐದಾರು ಹಿರಿಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಬರುತ್ತಾಳೆ, ಕೇಳಿ, ಎಂದೆ. ಎರಡು ಸಲ ಚಹಾ ಆಯಿತು. ಕೊನೆಗೆ ಅಕ್ಕನ ಫೋನ್ ಬಂತು.

“ಫರಂಗಿಪೇಟೆಯಲ್ಲಿ ದೊಡ್ಡ ಬ್ಲಾಕ್ ಉಂಟು ಮಾರಾಯ್ತಿ. ಕಾರು ಅಲ್ಲಾಡ್ತಾ ಇಲ್ಲ. ನನ್ನನ್ನು ಕಾಯ್ಬೇಡಿ.”

ದಡ್ಡಿ ನಾನು, ಅದನ್ನೇ ಗಟ್ಟಿಯಾಗಿ ಎಲ್ಲರಿಗೂ ಹೇಳಿದೆ. ಸೋದರಮಾವ ಎಲೆಗೆ ಸುಣ್ಣ ಸವರುತ್ತಾ ನಕ್ಕರು.

“ಮೂಡುಬಿದಿರೆಯಿಂದ ಮಾಣಿಗೆ ಬರುವವರು ಸಿದ್ಧಕಟ್ಟೆ, ಬಂಟ್ವಾಳ ಅಂತ ನೇರ ಬರ್ತಾರೆ. ಫರಂಗಿಪೇಟೆಗೆ ಎಂತಕ್ಕೆ ಹೋದದ್ದು ನಿಮ್ಮ ಅಕ್ಕ?”

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ಈ ತಾಲೂಕಿನಲ್ಲಿ ಹುಟ್ಟಿ ಬೆಳೆದವಳು ಸುಳ್ಳು ಹೇಳುವಾಗ ದಾರಿಯನ್ನಾದರೂ ಸರಿಯಾಗಿ ಹೇಳಬಾರದಿತ್ತೇ? ಆ ಕ್ಷಣದಿಂದ ಅವಳ ಸುಳ್ಳು ನನ್ನ ಸುಳ್ಳಾಯಿತು. ತೋಳಿನ ಕಪ್ಪು ಅಷ್ಟರಲ್ಲಿ ಮಾಸಿತ್ತು. ಹೊಂದಿಕೊಂಡು ಹೋಗು ಎಂದರು. ನಾನು ಎದ್ದು ಬಸ್ಸು ಹತ್ತಿದೆ. ಅಂದಿನಿಂದ ಬೆಳ್ತಂಗಡಿಯ ಬಾಡಿಗೆ ಮನೆಯಲ್ಲಿದ್ದೇನೆ. ಹೊಡೆತ ತಿಂದದ್ದು ಸುಳ್ಳು ಎಂದು ಗಂಡನ ಕಡೆಯವರು ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಒಂದು ತಿಂಗಳು ಕಳೆದು ಅಕ್ಕ ಫೋನಿನಲ್ಲಿ ಅತ್ತಳು. “ಇವರು ಬೇಡ ಅಂದ್ರು. ಡಾಕ್ಟ್ರ ಹೆಂಡತಿ ಪಂಚಾತಿಕೆಗೆ ಹೋದ್ರೆ ಜನ ಎಂತ ಹೇಳ್ತಾರೆ ಅಂತ.” ಊಟಕ್ಕಿಲ್ಲದ ಉಪ್ಪಿನಕಾಯಿ. ನಾನು ಫೋನ್ ಇಟ್ಟೆ.

ಮರುವರ್ಷದ ರಜೆಯಲ್ಲಿ ಭಾವ ಏನೂ ಆಗದವನಂತೆ ಆಟಕ್ಕೆ ಕರೆದ. ನಾನು ಹೋದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಕ್ಕ ಭಾವನ ಎದುರಿಗೆ, ಗಟ್ಟಿಯಾಗಿ, “ನಾನು ಬರಬೇಕಿತ್ತು” ಎಂದು ಒಂದು ಮಾತು ಹೇಳುತ್ತಾಳೋ ಎಂಬ ಆಸೆಯಿಂದ ಹೋದೆ. ಅವಳು ಬಂಗುಡೆ ಮೀನು ಹುರಿದು ಬಡಿಸಿದಳು. ಇನ್ನೆರಡು ಹಾಕಿಕೋ ಎಂದಳು. ಅಷ್ಟೇ ಹೇಳಿದಳು.

“ಇವತ್ತು ನಾನು ಫ್ರೆಂಚ್,” ಎಂದೆ.

ಭಾವನಿಗೆ ಖುಷಿಯಾಯಿತು, ಗುಡ್ಡದ ಮೇಲೆ ನಿಂತು ಗೆಲ್ಲುವ ಇಂಗ್ಲಿಷರ ಪಕ್ಷ ಸಿಕ್ಕಿತಲ್ಲ. ಅಕ್ಕನ ಮುಖ ಸಣ್ಣಗಾಯಿತು.

“ಬೇಡ ಮಾರಾಯ್ತಿ. ನಾವಿಬ್ರು ಎದುರುಬದುರು ಆಗ್ತೇವೆ. ಅಮ್ಮ ಎಂತ ಹೇಳಿದ್ದು, ನೆನಪುಂಟಲ್ಲ?”

“ಉಂಟು.”

ಅಮ್ಮ ಹೆದರಿದ್ದದ್ದು ಆಟ ಆಡುವ ಮೊದಲೇ ಆಗಿಹೋಗಿತ್ತು. ಇನ್ನು ಮಣೆಗೆ ಹೆದರಿ ಏನು?

ಆ ದಿನ ನಾನು ಚೆನ್ನಾಗಿಯೇ ಆಡಿದೆ. ಮೂರೂವರೆಯ ಸರದಿಗೆ ಭಾವನ ಸಾಲು ಎರಡು ಕಡೆ ಮುರಿದಿತ್ತು, ಹಿಂದೆ ಕಾಯ್ದಿಟ್ಟ ಪಡೆಯೂ ಉಳಿದಿರಲಿಲ್ಲ. ಇನ್ನೊಂದೇ ಸರದಿ ಸಿಕ್ಕಿದ್ದರೆ ಗುಡ್ಡ ನನ್ನದಾಗುತ್ತಿತ್ತು. ನಾಲ್ಕು ಗಂಟೆಯಾಯಿತು. ನಾನು ದಾಳವನ್ನು ಅಕ್ಕನ ಮುಂದೆ ಇಟ್ಟೆ.

“ದಾಳ ಹಾಕು ಅಕ್ಕ. ದಾರಿಯಲ್ಲಿ ಬ್ಲಾಕ್ ಇರಬಹುದು.”

ಭಾವ ಕಿಟಕಿಯ ಕಡೆ ನೋಡಿದ. ಅಕ್ಕನ ಕಣ್ಣು ತುಂಬಿತು. ಆದರೂ ಅವಳು ದಾಳ ಮುಟ್ಟಲಿಲ್ಲ. ಕಡುನೀಲಿ ಕೋಟಿನ ಸೈನಿಕರನ್ನು ಡಬ್ಬಿಯಿಂದ ಒಂದೊಂದಾಗಿ ತೆಗೆದು ಮೇಜಿನ ಅಂಚಿನ ರಸ್ತೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ದಾರಿ ತಪ್ಪಲಿಲ್ಲ, ತಡವೂ ಆಗಲಿಲ್ಲ. ಗುಡ್ಡದ ಮೇಲೆ ಈ ಸಲ ಇದ್ದದ್ದು ಅವಳ ಗಂಡ.